ಖಾಲಿ ಮನೆಯಿಲ್ಲದ ಕುಂಡಲಿ

ಹೊಲಿಗೆ ಯಂತ್ರದ ಸದ್ದು ನಿಂತಾಗಲೆಲ್ಲ ಅವಳ ಕೈ ಇದ್ದಲ್ಲೇ ನಿಲ್ಲುತ್ತಿತ್ತು.

ಯಂತ್ರ ನಿಲ್ಲಲು ಕಾರಣ ನೂರಿರುತ್ತವೆ. ದಾರ ತುಂಡಾಗುತ್ತದೆ, ಬಾಬಿನ್ ಖಾಲಿಯಾಗುತ್ತದೆ, ಕಾಲರಿನ ಮೂಲೆ ತಿರುಗಿಸಬೇಕಾಗುತ್ತದೆ, ಗಿರಾಕಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಮದುವೆಯಾದಾಗಿನಿಂದ ಆ ಸದ್ದು ಅವಳಿಗೆ ಫ್ರಿಜ್ಜಿನ ಸದ್ದಿನ ಹಾಗೆ, ಇದೆ ಎಂಬುದೇ ಮರೆತುಹೋಗುವಂಥದ್ದು. ಗಂಡನ ತಲೆಯ ಸ್ಕ್ಯಾನ್ ಆದ ಮೇಲೆ ಅವಳು ಅದನ್ನು ಕೇಳತೊಡಗಿದಳು. ಸದ್ದು ನಿಂತರೆ ಪಾತ್ರೆ ಹಿಡಿದ ಕೈ ಹಾಗೇ ಗಾಳಿಯಲ್ಲಿ. ಮತ್ತೆ ಶುರುವಾದರೆ ಉಸಿರು.

ಸ್ಕ್ಯಾನಿನಲ್ಲಿ ಕಂಡದ್ದು ಇಷ್ಟು: ಮೆದುಳಿನ ಬುಡದಲ್ಲಿ ಒಂದು ರಕ್ತನಾಳ ಬಲೂನಿನಂತೆ ಉಬ್ಬಿಕೊಂಡಿತ್ತು. ತಿಂಗಳುಗಟ್ಟಲೆ ಕಾಡಿದ ತಲೆನೋವಿಗೆ ಕನ್ನಡಕ ಬದಲಿಸಿ, ದಿಂಬು ಬದಲಿಸಿ, ಕೊನೆಗೆ ಆಸ್ಪತ್ರೆಗೆ ಹೋದಾಗ ಸಿಕ್ಕಿದ್ದು ಅದು. ಸರ್ಜನ್ ಪರದೆಯ ಮೇಲೆ ಪೆನ್ನಿನ ತುದಿಯಿಂದ ತೋರಿಸಿದ್ದರು. ನಾಳೆಯೇ ಒಡೆಯಬಹುದು, ಎಂದಿಗೂ ಒಡೆಯದೆಯೂ ಇರಬಹುದು. ಒಡೆದರೆ ಮಾತ್ರ ಬಹಳ ಜನ ಆಸ್ಪತ್ರೆ ಮುಟ್ಟುವುದಿಲ್ಲ. ತಲೆ ತೆರೆದು ಉಬ್ಬಿನ ಕತ್ತಿಗೆ ಒಂದು ಸಣ್ಣ ಕ್ಲಿಪ್ ಹಾಕಿ ಬಿಗಿಯಬೇಕು.

"ಗುಂಡಿ ಹಾಕೋ ಕೆಲಸ ಅನ್ನಿ," ಎಂದಿದ್ದ ದರ್ಜಿ ಗಂಡ. "ನಾನೇ ಹಾಕ್ಕೋತಿದ್ದೆ ಡಾಕ್ಟ್ರೇ, ಕೈ ಎಟುಕಲ್ಲ."

ಸರ್ಜನ್ ನಕ್ಕಿದ್ದರು. ಅವಳು ನಗಲಿಲ್ಲ. ಮುಂದಿನ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಥಿಯೇಟರ್ ಖಾಲಿ ಇದೆ ಎಂದು ದಿನ ಗೊತ್ತುಮಾಡಿದರು.

ಅವಳ ಕೆಲಸ ಜೋಯಿಸರ ಕಚೇರಿಯಲ್ಲಿ. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಒಳಕೋಣೆಯಲ್ಲಿ ಜೋಯಿಸರು ಗಿರಾಕಿಗಳೊಂದಿಗೆ ಮಾತಾಡುತ್ತಾರೆ, ಹೊರಕೋಣೆಯಲ್ಲಿ ಅವಳು ಕಂಪ್ಯೂಟರಿನ ಮುಂದೆ ಕೂತು ಜಾತಕ ತಯಾರಿಸುತ್ತಾಳೆ. ಹುಟ್ಟಿದ ದಿನ, ಗಂಟೆ, ಊರು ಹಾಕಿ, ತಿದ್ದಬೇಕಾದದ್ದನ್ನು ತಿದ್ದಿ, ತಾಳೆ ನೋಡಿ, ಮುದ್ರಿಸಿ ಒಳಗೆ ಕಳಿಸಬೇಕು. ಗಣಿತದಲ್ಲಿ ಪದವಿ ಪಡೆದವಳು. ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ, "ಸಿನಿಮಾ ಟಿಕೆಟ್ ಹರಿಯೋನು ಸಿನಿಮಾ ನೋಡಲೇಬೇಕಾ?" ಎನ್ನುತ್ತಿದ್ದಳು. ಲೆಕ್ಕ ಅವಳದು, ಫಲ ಜೋಯಿಸರದು. ಆ ಗೆರೆ ದಾಟುವ ಅಗತ್ಯ ಅವಳಿಗೆ ಬಂದೇ ಇರಲಿಲ್ಲ.

ಅವಳಿಗೆ ಇಷ್ಟವಾದ ಲೆಕ್ಕವೆಂದರೆ ನೆರಳುಗಳದ್ದು. ಉಪಗ್ರಹ ಎಂಬ ಹೆಸರು ಅವಕ್ಕಿದ್ದರೂ ಆಕಾಶದಲ್ಲಿ ಅವು ಇಲ್ಲ. ಎಷ್ಟು ದೊಡ್ಡ ದೂರದರ್ಶಕ ತಿರುಗಿಸಿದರೂ ಆ ಜಾಗದಲ್ಲಿ ಏನೂ ಕಾಣುವುದಿಲ್ಲ. ಅವು ಬರೀ ಗಣಿತದಿಂದ ಹುಟ್ಟಿದ ಬಿಂದುಗಳು. ಗುಳಿಕನನ್ನೇ ತೆಗೆದುಕೊಳ್ಳಿ: ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಭಾಗ ಮಾಡಬೇಕು, ಮೊದಲ ಭಾಗ ಆ ವಾರದ ಒಡೆಯನಾದ ಗ್ರಹಕ್ಕೆ, ನಂತರದವು ಸಾಲಾಗಿ ಉಳಿದವರಿಗೆ. ಶನಿಯ ಪಾಲಿಗೆ ಬಂದದ್ದು ಗುಳಿಕ ಕಾಲ. ಆ ಭಾಗ ಶುರುವಾಗುವಾಗ ಪೂರ್ವ ದಿಗಂತದಲ್ಲಿ ಏಳುತ್ತಿರುವ ಡಿಗ್ರಿಯೇ ಗುಳಿಕನ ಜಾಗ. ಇನ್ನು ಕೆಲವು ನೆರಳುಗಳು ಸೂರ್ಯನಿಂದಲೇ ಹುಟ್ಟುತ್ತವೆ, ಒಂದರಿಂದ ಇನ್ನೊಂದು, ಕೂಡಿ ಕಳೆದು. ಐದನೆಯದಕ್ಕೆ ಒಂದು ರಾಶಿ ಸೇರಿಸಿದರೆ ಹೊರಟ ಸೂರ್ಯ ಮತ್ತೆ ಕೈಗೆ ಸಿಗಬೇಕು. ಸಿಗದಿದ್ದರೆ ಎಲ್ಲೋ ತಪ್ಪಿದೆ. ಇಂಥ ಲೆಕ್ಕ ಅವಳಿಗೆ ಚೆನ್ನಾಗಿ ಮಡಿಸಿದ ಬಟ್ಟೆಯ ಹಾಗೆ ಹಿತ ಕೊಡುತ್ತಿತ್ತು.

ಆ ಸೋಮವಾರ ಊಟದ ಬಿಡುವಿನಲ್ಲಿ ಅವಳು ಬರಲಿದ್ದ ಗುರುವಾರವನ್ನು ಕಂಪ್ಯೂಟರಿಗೆ ಹಾಕಿದಳು. ಕಾರಣವೇನೂ ಇರಲಿಲ್ಲ. ನಾಲಿಗೆ ಹುಳುಕು ಹಲ್ಲಿಗೇ ಹೋಗುವ ಹಾಗೆ ಕೈ ಹೋಯಿತು. ಗುರುವಾರ ಗುಳಿಕನಿಗೆ ಮೂರನೆಯ ಭಾಗ. ಹೆಚ್ಚು ಕಡಿಮೆ ಒಂಬತ್ತಕ್ಕೆ ಶುರು. ಇದು ಯಾವ ಗೋಡೆಯ ಕ್ಯಾಲೆಂಡರ್ ನೋಡಿದರೂ ಗೊತ್ತಾಗುವ ವಿಷಯ, ಅದಕ್ಕೆ ಅವಳು ಹೆದರಲಿಲ್ಲ. ಹೆದರಿದ್ದು ಆ ಬಿಂದುವಿನ ಡಿಗ್ರಿ ನೋಡಿ. ಆ ಅಂಕೆ ಅವಳಿಗೆ ಪರಿಚಯದ್ದು.

ಅದು ಗಂಡನ ಲಗ್ನ. ಅವನು ಹುಟ್ಟಿದಾಗ ದಿಗಂತದಲ್ಲಿ ಏಳುತ್ತಿದ್ದ ಡಿಗ್ರಿ. ಮದುವೆಯ ಮಾತುಕತೆಯ ಕಾಲದಲ್ಲಿ ಅತ್ತೆ ಬಾಯಿಮಾತಿನಲ್ಲಿ ಹೇಳಿದ್ದ ಗಂಟೆಯಿಂದ ಅವಳೇ, ಕೈಯಲ್ಲೇ, ಗುಣಿಸಿ ತೆಗೆದದ್ದು. ಆ ಅಂಕೆಯನ್ನು ಮರೆಯಲು ಸಾಧ್ಯವಿರಲಿಲ್ಲ. ಗುಳಿಕ ಅದರ ಮೇಲೆ ಕೂತಿದ್ದ. ರಾಶಿಗೆ ರಾಶಿ, ಡಿಗ್ರಿಗೆ ಡಿಗ್ರಿ. ವೃತ್ತದಲ್ಲಿ ಇರುವ ಮುನ್ನೂರ ಅರವತ್ತು ಜಾಗಗಳಲ್ಲಿ ಅದೇ ಜಾಗ, ಅದೇ ಬೆಳಿಗ್ಗೆ, ತಲೆ ತೆರೆಯುವ ಹೊತ್ತಿಗೆ.

ಅವಳು ಮತ್ತೊಮ್ಮೆ ಹಾಕಿದಳು. ಅದೇ ಬಂತು.

ಒಳಕೋಣೆಯಲ್ಲಿ ಜೋಯಿಸರು ಕಿತ್ತಳೆ ಸುಲಿಯುತ್ತಿದ್ದರು. ಅವಳು ಬಾಗಿಲಿಗೆ ಒರಗಿ, ಆದಷ್ಟು ಮಾಮೂಲಿ ದನಿಯಲ್ಲಿ ಕೇಳಿದಳು.

"ಜೋಯಿಸರೇ, ಒಬ್ಬರು ಫೋನ್ ಮಾಡಿದ್ರು. ತಲೆ ಆಪರೇಷನ್ ಅಂತೆ. ಗುಳಿಕ ಸರಿಯಾಗಿ ಲಗ್ನದ ಮೇಲೇ ಬರ್ತಾನೆ."

"ಯಾವ ಭಾಗದಲ್ಲಿ ಮಾಡ್ತಾರಂತೆ?"

"ಅವನದೇ ಭಾಗದಲ್ಲಿ."

"ಮುಂದಕ್ಕೆ ಹಾಕಿಸ್ಕೊಳ್ಳಿ ಅನ್ನು." ಜೋಯಿಸರು ಬೀಜವೊಂದನ್ನು ಬಾಯಿಂದ ಬೆರಳಿಗೆ ತೆಗೆದುಕೊಂಡರು. "ಗುಳಿಕದಲ್ಲಿ ಮಾಡಿದ್ದು ಮರುಕಳಿಸುತ್ತೆ. ಒಡವೆ ತಗೊಂಡ್ರೆ ಮತ್ತೆ ತಗೋತಾರೆ, ಒಳ್ಳೇದೇ. ತಲೆ ತೆರೆದ್ರೆ ಮತ್ತೆ ತೆರೀಬೇಕಾಗುತ್ತೆ. ಅದೂ ಲಗ್ನದ ಮೇಲೆ ಅಂದ್ರೆ, ಎರಡನೇ ಸಲ ತೆರೆಯೋಕೆ ಮನುಷ್ಯ ಇರಬೇಕಲ್ಲ. ಕಿತ್ತಳೆ ಬೇಕೇನಮ್ಮಾ?"

"ಬೇಡ," ಎಂದಳು.

ಆಸ್ಪತ್ರೆಗೆ ಅವಳು ಫೋನ್ ಮಾಡಿದ್ದು ಮೆಟ್ಟಿಲಿನ ತಿರುವಿನಲ್ಲಿ ನಿಂತು. ಔಷಧಿ ಅಂಗಡಿಯವನು ಕೆಳಗೆ ಡಬ್ಬಿ ಇಳಿಸುತ್ತಿದ್ದ. ಮನೆಯವರಿಗೆ ಜ್ವರ ಬಂದಿದೆ, ಗುರುವಾರ ಆಗುವುದಿಲ್ಲ ಎಂದಳು. ಆ ಕಡೆಯ ಹೆಂಗಸು ಸಲೀಸಾಗಿ ನಂಬಿ, ಕಡತದಲ್ಲಿ ಬರೆದುಕೊಂಡು, ಗುರುವಾರ ಕಳೆದು ಹನ್ನೊಂದು ದಿನಕ್ಕೆ ಬರುವ ಸೋಮವಾರ ಬೆಳಿಗ್ಗೆ ಕೊಟ್ಟಳು. ಸೋಮವಾರ ಗುಳಿಕ ಬರುವುದು ಊಟದ ಹೊತ್ತು ಕಳೆದ ಮೇಲೆ. ಬೆಳಿಗ್ಗೆ ಶುದ್ಧ.

ಮನೆಯಲ್ಲಿ ಇನ್ನೊಂದು ಸುಳ್ಳು ಬೇಕಾಯಿತು. "ಥಿಯೇಟರ್ ರಿಪೇರಿ ಅಂತೆ ರೀ," ಎಂದಳು.

"ಒಳ್ಳೇದಾಯ್ತು ಬಿಡು," ಎಂದ ಗಂಡ. ಅವನ ಸುತ್ತ ಶಾಲೆಯ ಸಮವಸ್ತ್ರದ ನೀಲಿ ಚಡ್ಡಿಗಳ ಗುಡ್ಡೆ ಇತ್ತು. "ಇಷ್ಟು ಮಕ್ಕಳು ಚಡ್ಡಿ ಇಲ್ದೆ ಶಾಲೆಗೆ ಹೋಗೋದು ತಪ್ಪಿತು. ನನ್ನ ತಲೆಗಿಂತ ಅದು ಮುಖ್ಯ."

"ಬಾಯಲ್ಲಿ ಒಳ್ಳೇದೇ ಬರಲ್ವಲ್ಲೋ ನಿಂಗೆ," ಎಂದು ಅತ್ತೆ ಒಳಗಿನಿಂದ ಗದರಿದರು.

ಆಮೇಲಿನ ದಿನಗಳನ್ನು ಅವಳು ಜೀವ ಕೈಯಲ್ಲಿ ಹಿಡಿದು ಕಳೆದಳು. ಸುಳ್ಳು ಹೇಳುವಾಗ ಇದ್ದ ಭಯ ಒಂದು ಕಡೆಯದು. ಈಗ ಅದು ಎರಡು ಕಡೆಯಿಂದ ಬಂತು: ಗುಳಿಕನದು ಒಂದು, ತಾನೇ ತಡಮಾಡಿಸಿದ ಆ ಉಬ್ಬಿನದು ಇನ್ನೊಂದು. ಗಂಡ ಮಲವಿಸರ್ಜನೆಗೆ ತಿಣುಕಬಾರದು, ಭಾರ ಎತ್ತಬಾರದು, ರೇಗಬಾರದು ಎಂದು ಡಾಕ್ಟರು ಹೇಳಿದ್ದರು. ಅವನು ಸ್ನಾನದ ಮನೆಯಲ್ಲಿ ತುಸು ಹೊತ್ತು ಹೆಚ್ಚು ಇದ್ದರೆ ಇವಳು ಬಾಗಿಲ ಹೊರಗೆ ಸೋಪು ಬೇಕೇ ಎಂದು ಕೇಳುತ್ತಿದ್ದಳು. ಅವನು ಸೀನಿದರೆ ಇವಳು ಕೆಲಸ ಬಿಟ್ಟು ಬಂದು ಅವನ ಮುಖ ನೋಡುತ್ತಿದ್ದಳು. ಬಟ್ಟೆಯ ಥಾನು ಎತ್ತಲು ಹೋದಾಗ ಓಡಿಬಂದು ಕಿತ್ತುಕೊಂಡಳು.

"ಏನೇ ಇದು, ಹೊಸ ಮದುವಣಗಿತ್ತಿ ಥರ ಹಿಂದೆ ಮುಂದೆ ಸುತ್ತುತೀಯ?" ಎಂದ ಅವನು. "ಗಿರಾಕಿಗಳು ನೋಡಿದ್ರೆ ನಾಚಿಕೆ ಆಗುತ್ತೆ."

ಆ ಗುರುವಾರ ಬಂತು, ಒಂಬತ್ತು ಹೊಡೆಯಿತು. ಕಚೇರಿಯಿಂದ ಮನೆಗೆ ಫೋನ್ ಮಾಡಿದಳು. ಅತ್ತೆ ಎತ್ತಿದರು. ಹಿನ್ನೆಲೆಯಲ್ಲಿ ಯಂತ್ರ ಓಡುತ್ತಿತ್ತು. "ಏನಿಲ್ಲ ಅತ್ತೆ, ಒಲೆ ಆರಿಸಿದ್ನಾ ಅಂತ," ಎಂದಳು. ಇಡೀ ಗುಳಿಕ ಕಾಲ ಮುಗಿಯುವವರೆಗೆ ಪರದೆಯ ಮೂಲೆಯ ಗಡಿಯಾರ ಬಿಟ್ಟು ಬೇರೇನೂ ನೋಡಲಿಲ್ಲ. ಮುಗಿಯಿತು. ಅವತ್ತು ಮಧ್ಯಾಹ್ನ ಮಾತ್ರ ಅವಳು ಹಸಿವಾಗಿ ಊಟ ಮಾಡಿದಳು.

ಭಾನುವಾರ ಅಡುಗೆಮನೆಯಲ್ಲಿ ಅತ್ತೆ, ಸೊಸೆ ಬಟಾಣಿ ಸುಲಿಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಯಂತ್ರ ಓಡುತ್ತಿತ್ತು. ಮಗನ ಆಪರೇಷನ್ನಿನ ಮಾತು ಬಂದು, ಅಲ್ಲಿಂದ ಆಸ್ಪತ್ರೆಗಳ ಮಾತು ಬಂದು, ಅತ್ತೆ ಅವನ ಹೆರಿಗೆಯ ಕತೆ ತೆಗೆದರು. ಕಷ್ಟದ ಕತೆಯನ್ನು ತಮಾಷೆಯಾಗಿ ಹೇಳುವುದು ಆ ಮನೆಯವರ ರಕ್ತದಲ್ಲೇ ಇತ್ತು.

"ಇವನು ಹುಟ್ಟೋವಾಗ ನರ್ಸಮ್ಮ ಇರಲೇ ಇಲ್ಲ ಕಣೇ. ಮನೆಗೆ ಬರ್ತೀನಿ ಅಂದಿದ್ದೋಳು ಒಂದು ಗಂಟೆ ತಡವಾಗಿ ಬಂದ್ಲು. ಬಂದು ನೋಡಿದ್ರೆ ನಿನ್ನ ಗಂಡ ಆಗಲೇ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದಾನೆ. 'ನಾನು ಸರಿಯಾದ ಟೈಮಿಗೇ ಬಂದಿದ್ದೀನಿ, ನಿಮ್ಮ ಮಗನೇ ಮುಂಚೆ ಬಂದಿದ್ದಾನೆ' ಅಂತ ಜಗಳ! ಆಮೇಲೆ ನೋಡಿದ್ರೆ, ಅವಳು ಗಡಿಯಾರಾನೇ ತಿರುಗಿಸಿರಲಿಲ್ಲ."

"ತಿರುಗಿಸೋದು ಅಂದ್ರೆ?"

"ಆ ವರ್ಷ ಯುದ್ಧ ನಡೀತಿತ್ತು, ಕರೆಂಟು ಉಳಿಸೋಕೆ ಅಂತ ಸರ್ಕಾರದೋರು ಎಲ್ಲರ ಗಡಿಯಾರಾನೂ ಒಂದು ಗಂಟೆ ಮುಂದಕ್ಕೆ ತಳ್ಳಿಸಿದ್ರಲ್ಲ. ನಮ್ಮನೇಲಿ ತಳ್ಳಿದ್ವಿ. ಅವಳು ತಳ್ಳಿರಲಿಲ್ಲ."

ಅವಳ ಕೈಯಲ್ಲಿದ್ದ ಬಟಾಣಿ ಕಾಯಿ ಹಾಗೇ ಉಳಿಯಿತು.

ಅದು ಅವಳಿಗೆ ಗೊತ್ತಿರಬೇಕಾದ ವಿಷಯ. ಕಚೇರಿಯ ಗೋಡೆಯಲ್ಲಿ ಅವಳ ತಲೆಯ ಮೇಲೇ ಒಂದು ಪಟ್ಟಿ ಅಂಟಿಸಿತ್ತು: ಗಡಿಯಾರ ಮುಂದೆ ತಳ್ಳಿದ ವರ್ಷಗಳು. ಆ ವರ್ಷಗಳಲ್ಲಿ ಹುಟ್ಟಿದ ಪ್ರತಿ ಗಿರಾಕಿಗೂ ಅವಳು ಒಂದು ಗಂಟೆ ಕಳೆಯುತ್ತಿದ್ದಳು. ಗಿರಾಕಿಯ ಅರ್ಜಿಯಲ್ಲಿ ಅದಕ್ಕೊಂದು ಚೌಕವೇ ಇತ್ತು. ಅದನ್ನು ತುಂಬದೆ ಕಂಪ್ಯೂಟರ್ ಮುಂದೆ ಹೋಗುತ್ತಿರಲಿಲ್ಲ. ಗಂಡನಿಗೆ ಯಾರೂ ಅರ್ಜಿ ತುಂಬಿರಲಿಲ್ಲ. ಕೈಯಲ್ಲಿ ಗುಣಿಸಿದಾಗ ಅವಳಿನ್ನೂ ಆ ಕೆಲಸಕ್ಕೆ ಸೇರಿರಲಿಲ್ಲ. ಆಮೇಲೆ ಅದನ್ನು ತಿರುಗಿ ನೋಡಬೇಕೆಂದು ಅನಿಸಲೇ ಇಲ್ಲ, ಆ ಅಂಕೆ ಅಷ್ಟು ಬಾಯಿಪಾಠವಾಗಿತ್ತು.

"ನೀವು ನನಗೆ ಹೇಳಿದ ಗಂಟೆ ತಳ್ಳಿದ ಗಡಿಯಾರದ್ದಾ ಅತ್ತೆ?"

"ನಮ್ಮನೆ ಗಡಿಯಾರದ್ದು. ಮತ್ತೆ ಪಕ್ಕದ ಮನೇದು ನೋಡ್ಲಾ?"

ಒಂದು ಗಂಟೆ ಕಳೆದರೆ ಲಗ್ನ ಸುಮಾರು ಹದಿನೈದು ಡಿಗ್ರಿ ಹಿಂದೆ ಸರಿಯುತ್ತದೆ. ಗುಳಿಕ ತಾನಿದ್ದಲ್ಲೇ ಇದ್ದ. ಗಂಡನೇ ಅಲ್ಲಿ ಇರಲಿಲ್ಲ. ಅವಳು ತಪ್ಪಿಸಿದ ಆ ಗುರುವಾರದಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಆಪರೇಷನ್ ಆಗಿ ಇಷ್ಟು ಹೊತ್ತಿಗೆ ಅವನು ಹಾಸಿಗೆಯಲ್ಲಿ ಕೂತು ನರ್ಸುಗಳನ್ನು ನಗಿಸುತ್ತಿರಬಹುದಿತ್ತು. ಅವಳು ಎದ್ದು ಹೋಗಿ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು. ಯಂತ್ರ ನಿಂತಿತು. ಅವಳು ನೀರು ನಿಲ್ಲಿಸಿ ಕಾದಳು. ಯಂತ್ರ ಮತ್ತೆ ಓಡಿತು.

ಮಾರನೆಯ ಬೆಳಿಗ್ಗೆ ಕಚೇರಿಗೆ ಹೋದವಳೇ ಸರಿಯಾದ ಗಂಟೆ ಹಾಕಿ ಗಂಡನ ಜಾತಕ ತೆಗೆದಳು. ಆಪರೇಷನ್ನಿಗೆ ಇನ್ನೂ ಒಂದು ವಾರವಿತ್ತು. ಹೊಸ ದಿನಕ್ಕೆ ಹೊಸ ಲಗ್ನವನ್ನು ಹೋಲಿಸಿದಳು. ಗುಳಿಕ ದೂರದಲ್ಲಿದ್ದ. ಅಲ್ಲಿಗೆ ನಿಲ್ಲಿಸಿದ್ದರೆ ಮುಗಿಯುತ್ತಿತ್ತು. ಒಮ್ಮೆ ಮೋಸ ಹೋದವಳಿಗೆ ಅಲ್ಲಿಗೆ ನಿಲ್ಲಿಸುವುದಾಗಲಿಲ್ಲ. ಸೂರ್ಯನಿಂದ ಹುಟ್ಟುವ ನೆರಳುಗಳನ್ನೂ ತೆಗೆದಳು. ಎರಡನೆಯದರ ಹೆಸರು ವ್ಯತೀಪಾತ, ಬೀಳುವುದು ಎಂಬರ್ಥದ್ದು. ಅದು ಬಂದು ಕೂತದ್ದು ಹೊಸ ಲಗ್ನದ ಮೇಲೆ.

ಅವಳು ತಾಳೆ ನೋಡಿದಳು, ತಪ್ಪಿರಲಿ ಎಂದು ಬೇಡಿಕೊಳ್ಳುತ್ತ. ಐದನೆಯದಕ್ಕೆ ಒಂದು ರಾಶಿ ಸೇರಿಸಿದಳು. ಸೂರ್ಯ ಹೊರಟಲ್ಲಿಗೇ ಮರಳಿದ. ಲೆಕ್ಕ ಸರಿಯಿತ್ತು.

ಸರಿ, ಬೇರೆ ದಿನ. ಮಂಗಳವಾರ ನೋಡಿದಳು, ಬುಧವಾರ ನೋಡಿದಳು. ಕಚೇರಿಯಲ್ಲಿ ಸಾಮಾನ್ಯವಾಗಿ ಗುಳಿಕ, ಮಾಂದಿ ಎರಡನ್ನೇ ಮುದ್ರಿಸುತ್ತಿದ್ದರು. ಉಳಿದವನ್ನು ಯಾರೂ ಕೇಳುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಅವೆಲ್ಲಕ್ಕೂ ಒಂದೊಂದು ಗುಂಡಿ ಇತ್ತು. ಅವಳು ಒಂದೊಂದಾಗಿ ಎಲ್ಲವನ್ನೂ ಒತ್ತಿದಳು. ಧೂಮ, ಪರಿವೇಷ, ಇಂದ್ರಚಾಪ, ಉಪಕೇತು, ಕಾಲ, ಮೃತ್ಯು, ಅರ್ಧಪ್ರಹರ, ಯಮಘಂಟಕ. ಗುಳಿಕನನ್ನು ಭಾಗದ ಆರಂಭಕ್ಕೆ ಹಿಡಿಯುವವರಿದ್ದಾರೆ, ಕೊನೆಗೆ ಹಿಡಿಯುವವರಿದ್ದಾರೆ, ಅವೆರಡನ್ನೂ ಹಾಕಿದಳು. ಪರದೆಯ ಮೇಲಿನ ಕುಂಡಲಿಯಲ್ಲಿ ಹನ್ನೆರಡು ಮನೆಗಳು. ಯಾವ ದಿನ ಹಾಕಿದರೂ, ಯಾವ ಗಂಟೆ ಹಾಕಿದರೂ, ಲಗ್ನದ ಮೇಲೋ, ಆಯುಸ್ಸಿನ ಎಂಟನೆಯ ಮನೆಯಲ್ಲೋ, ಲಗ್ನದ ಒಡೆಯನ ಪಕ್ಕದಲ್ಲೋ ಒಂದಲ್ಲ ಒಂದು ನೆರಳು ಇರುತ್ತಿತ್ತು. ಒಂದನ್ನು ತಪ್ಪಿಸಿದರೆ ಇನ್ನೊಂದು. ಅವಳು ತಿಂಗಳ ಕೊನೆಯವರೆಗೆ ಹೋದಳು, ಅದರ ಮುಂದಿನ ತಿಂಗಳಿಗೂ ಹೋದಳು. ಖಾಲಿ ಮನೆ ಎಂಬುದು ಇರಲಿಲ್ಲ.

ಇಷ್ಟು ವರ್ಷ ಹಿತ ಕೊಟ್ಟ ಲೆಕ್ಕ ಅದು. ಅವಳು ಕುರ್ಚಿಯ ಎರಡೂ ಕೈ ಹಿಡಿದು ಕೂತಳು.

"ಏನಮ್ಮಾ, ಮುಖ ಯಾಕೆ ಹೀಗಾಗಿದೆ?" ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಜೋಯಿಸರು ಹೊರಬಂದರು. ಪರದೆ ನೋಡಿದರು. "ಇದೇನಿದು, ಸಂತೆ? ಯಾರದು?"

"ನಮ್ಮ ಮನೆಯವರದು."

ಜೋಯಿಸರು ಕೈ ಒರೆಸುವುದನ್ನು ನಿಲ್ಲಿಸಿದರು. ಅವಳು ಹೇಳಿದಳು: ಸ್ಕ್ಯಾನು, ಗುರುವಾರ, ಜ್ವರದ ಸುಳ್ಳು, ತಳ್ಳಿದ ಗಡಿಯಾರ, ಎಲ್ಲ. ಹೇಳುತ್ತ ಹೋದಂತೆ ಅವರ ಮುಖದ ಬಣ್ಣ ಇಳಿಯಿತು.

"ಅಯ್ಯೋ ಹುಚ್ಚಿ! ನಿನ್ನ ಗಂಡನಿಗಾ? ತಲೇಲಿ ಅಂಥದ್ದು ಇಟ್ಕೊಂಡು ಮುಂದಕ್ಕೆ ಹಾಕಿಸಿದ್ಯಾ?"

"ನೀವೇ ಹೇಳಿದ್ರಿ ಜೋಯಿಸರೇ."

"ನಾನು ಹೇಳಿದ್ದು ಗಿರಾಕಿಗೆ!"

ಮಾತು ಬಾಯಿಂದ ಬಂದ ಮೇಲೆ ಅವರಿಗೇ ಕೇಳಿಸಿತು. ಅವರು ಅವಳ ಎದುರಿನ ಗಿರಾಕಿಯ ಕುರ್ಚಿಯಲ್ಲಿ ಕೂತರು. ಅಂಗಿಯ ಮೇಲಿನ ಗುಂಡಿಯ ಹತ್ತಿರ, ಹಳೆಯ ಗಾಯದ ಗೆರೆ ಶುರುವಾಗುವಲ್ಲಿ, ಬೆರಳು ಹೋಯಿತು.

"ಇದನ್ನ ಸೀಳಿದ ದಿನ ಯಾವ ವಾರ ಅಂತ ಕೂಡ ನಾನು ಕೇಳಲಿಲ್ಲ," ಎಂದರು. "ಎದೆ ಹಿಡ್ಕೊಂಡಿತ್ತು. ಬೇಗ ಮಾಡಿ ಅಂತ ಡಾಕ್ಟರ ಕೈ ಹಿಡ್ಕೊಂಡಿದ್ದೆ. ಆಮೇಲೂ ನೋಡಿಲ್ಲ. ಧೈರ್ಯ ಬರಲಿಲ್ಲ."

ಅವಳಿಗೆ ಸಿಟ್ಟು ಬಂತು. ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅತ್ತೆ. ಹಿನ್ನೆಲೆಯಲ್ಲಿ ಯಾವ ಸದ್ದೂ ಇರಲಿಲ್ಲ.

"ಬೇಗ ಬಾರಮ್ಮಾ. ಸೂಜಿ ಎರಡೆರಡು ಕಾಣುತ್ತೆ ಅಂತಾನೆ. ಒಂದು ಕಣ್ಣಿನ ರೆಪ್ಪೆ ಮುಚ್ಚಿಕೊಂಡುಬಿಟ್ಟಿದೆ, ಎತ್ತೋಕೇ ಆಗ್ತಿಲ್ಲ. ನಗ್ತಾನೆ ಬೇರೆ, ಪಾಪಿ."

ಸರ್ಜನ್ ಹೇಳಿದ್ದರು: ರೆಪ್ಪೆ ಜೋತರೆ ಒಂದು ನಿಮಿಷವೂ ಕಾಯಬೇಡಿ, ಉಬ್ಬು ಬೆಳೆದು ಪಕ್ಕದ ನರವನ್ನು ಒತ್ತುತ್ತಿದೆ ಎಂದರ್ಥ. ಚಪ್ಪಲಿ ಮೆಟ್ಟಿಕೊಳ್ಳಲು ಅವಳಿಗೆ ಮೂರು ಸಲ ಬೇಕಾಯಿತು.

"ನಡಿ, ನನ್ನ ಕಾರಲ್ಲಿ," ಎಂದರು ಜೋಯಿಸರು.

ಮನೆಯ ಮುಂದೆ ಕಾರು ಹತ್ತಿದ ಗಂಡ ಹಿಂದಿನ ಸೀಟಿನಲ್ಲಿ ತಾಯಿಯ ಭುಜಕ್ಕೆ ಒರಗಿ ಕೂತ. ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ಇತ್ತು. ತರಕಾರಿ ಗಾಡಿಗಳು, ಸಿಗ್ನಲ್, ಅಡ್ಡ ಬಂದ ಶಾಲೆಯ ವ್ಯಾನು. ಅವಳು ಮುಂದಿನ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡಿನ ಗಡಿಯಾರ ನೋಡಿದಳು. ಸೋಮವಾರ, ಊಟವಾದ ಹೊತ್ತು. ಆರನೆಯ ಭಾಗ ಆಗತಾನೇ ಶುರುವಾಗಿತ್ತು. ಇದಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ. ಅವಳು ತಲೆ ಎತ್ತಿದಾಗ ಜೋಯಿಸರೂ ಅದೇ ಗಡಿಯಾರ ನೋಡುತ್ತಿದ್ದರು. ಜೋಯಿಸರು ಹಾರ್ನ್ ಒತ್ತಿ, ಒತ್ತಿದ ಕೈ ತೆಗೆಯದೆ ಸಿಗ್ನಲ್ ದಾಟಿಸಿದರು.

ಆಸ್ಪತ್ರೆಯಲ್ಲಿ ಎಲ್ಲವೂ ಬೇಗ ಬೇಗ ನಡೆಯಿತು. ತಳ್ಳುಗಾಡಿ, ಮತ್ತೊಂದು ಸ್ಕ್ಯಾನ್, ತೋಳಿಗೆ ಸೂಜಿ. ಸರ್ಜನ್ ಪರದೆ ನೋಡಿ, ಇವತ್ತೇ, ಈಗಲೇ ಎಂದು ಹೇಳಿ ಕೈ ತೊಳೆಯಲು ಹೋದರು. ಥಿಯೇಟರಿನ ಬಾಗಿಲ ಹೊರಗೆ ಅರಿವಳಿಕೆ ಕೊಡುವ ವೈದ್ಯೆ ಕಡತ ತೆರೆದರು. ವಯಸ್ಸಾದ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ.

"ಹೋದ ವಾರ ಜ್ವರ ಅಂತ ಬರೆದಿದೆ. ಎಷ್ಟು ದಿನ ಇತ್ತು? ಕೆಮ್ಮು, ಕಫ?"

"ಜ್ವರಾನಾ? ನನಗಾ?" ಎಂದ ಗಂಡ, ಗಾಡಿಯಲ್ಲಿ ಮಲಗಿದ್ದಲ್ಲಿಂದ. "ಇಲ್ವಲ್ಲ. ನಿಮ್ಮ ಥಿಯೇಟರ್ ರಿಪೇರಿ ಅಂತ ಮುಂದಕ್ಕೆ ಹಾಕಿದ್ರಿ."

"ಯಾವ ಥಿಯೇಟರ್?"

"ಇದೇ. ಆಪರೇಷನ್ ಥಿಯೇಟರ್."

ವೈದ್ಯೆ ಅವನ ತೆರೆದಿದ್ದ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಮತ್ತೆ ಇವಳ ಕಡೆ ತಿರುಗಿ, ದನಿ ತಗ್ಗಿಸಿದರು. "ಮಾತು ತಪ್ಪೋದು ಯಾವಾಗಿಂದ ಶುರುವಾಯ್ತು? ಇವತ್ತಾ?"

"ಮಾತು ಸರಿಯಾಗೇ ಆಡ್ತಿದ್ದಾನೆ," ಎಂದರು ಅತ್ತೆ. "ಜ್ವರಾನೂ ಇರಲಿಲ್ಲ, ಗಿರಾನೂ ಇರಲಿಲ್ಲ ಅವನಿಗೆ."

ವೈದ್ಯೆ ಕಡತ ನೋಡಿದರು, ಅತ್ತೆಯನ್ನು ನೋಡಿದರು. "ನೋಡಿ, ಮೈಯಲ್ಲಿ ಎಲ್ಲೋ ಸೋಂಕಿದ್ದು ತಲೆ ತೆರೆದರೆ ಅಪಾಯ. ಗೊಂದಲ ಇದ್ದರೆ ನಾನು ಒಪ್ಪೋಕಾಗಲ್ಲ. ರಕ್ತ, ಎದೆಯ ಎಕ್ಸ್‌ರೇ ಎಲ್ಲ ನೋಡಿ, ಬೇಕಾದರೆ ನಾಳೆ ಬೆಳಿಗ್ಗೆ..."

"ಜ್ವರ ಇರಲಿಲ್ಲ," ಎಂದಳು ಅವಳು.

ಅವಳು ಮತ್ತೊಮ್ಮೆ, ಜೋರಾಗಿ ಹೇಳಿದಳು. "ಜ್ವರ ಇರಲಿಲ್ಲ ಡಾಕ್ಟ್ರೇ. ಥಿಯೇಟರೂ ರಿಪೇರಿ ಇರಲಿಲ್ಲ. ನಿಮಗೊಂದು ಸುಳ್ಳು ಹೇಳಿದೆ, ಮನೇಲಿ ಒಂದು ಸುಳ್ಳು ಹೇಳಿದೆ. ಇವರು ಹೇಳ್ತಿರೋದೆಲ್ಲ ಸರಿಯಾಗಿದೆ. ಇವರ ತಲೆ ಸರಿಯಾಗಿದೆ."

"ಯಾಕೆ?"

"ಗುಳಿಕ ಇತ್ತು, ಆ ಹೊತ್ತಿಗೆ."

ಅತ್ತೆ ಸೊಸೆಯ ಕಡೆ ತಿರುಗಿದರು. ಗೋಡೆಗೆ ಒರಗಿ ನಿಂತಿದ್ದ ಜೋಯಿಸರು ನೆಲ ನೋಡಿದರು. ವೈದ್ಯೆ ಮಾತ್ರ ಬೈಯಲೂ ಇಲ್ಲ, ಆಶ್ಚರ್ಯಪಡಲೂ ಇಲ್ಲ.

"ಈಗ ಹೇಳಿದ್ದು ನಿಜ ತಾನೆ? ಇನ್ನೊಂದು ಸುಳ್ಳಿದ್ದರೆ ಅದಕ್ಕೆ ಇವರು ಬೆಲೆ ಕೊಡಬೇಕಾಗುತ್ತೆ."

"ನಿಜ."

ವೈದ್ಯೆ ಕಡತದ ಸಾಲೊಂದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಇಬ್ಬರು ಬಂದು ಗಾಡಿಯ ಬ್ರೇಕು ಬಿಟ್ಟರು. ಗಂಡ ಕೈ ಎತ್ತಿ ಅವರನ್ನು ತಡೆದ. ಒಂದು ರೆಪ್ಪೆ ಪೂರ್ತಿ ಮುಚ್ಚಿತ್ತು. ಉಳಿದ ಕಣ್ಣಲ್ಲಿ ಅವಳನ್ನೇ ನೋಡಿದ. ಆ ಕಣ್ಣಿನಲ್ಲಿ ತಮಾಷೆ ಇರಲಿಲ್ಲ. ಮದುವೆಯಾದಾಗಿನಿಂದ ಮೊದಲ ಸಲ ಅವನು ಹೆದರಿದ್ದನ್ನು ಅವಳು ನೋಡಿದಳು.

"ಈಗ ಏನಿದೆ?" ಎಂದು ಕೇಳಿದ. "ಈ ಹೊತ್ತಿಗೆ?"

ಗೊತ್ತಿಲ್ಲ ಎಂದುಬಿಡಬಹುದಿತ್ತು.

"ಗುಳಿಕ," ಎಂದಳು.

"ಮತ್ತೆ ಮುಂದಕ್ಕೆ ಹಾಕಿಸ್ತೀಯಾ?"

"ಇಲ್ಲ."

ಅವನು ಕುತ್ತಿಗೆಯ ಟೇಪನ್ನು ತೆಗೆದು ಅವಳ ಕೈಗೆ ಕೊಟ್ಟ. ಗಾಡಿ ಒಳಗೆ ಹೋಯಿತು, ಬಾಗಿಲ ಎರಡು ರೆಕ್ಕೆಗಳು ಹಿಂದೆ ಮುಂದೆ ಆಡಿ ನಿಂತವು. ಅವಳು ಬೆಂಚಿನ ಮೇಲೆ ಕೂತು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು. ಎದುರು ಗೋಡೆಯಲ್ಲಿ ಗಡಿಯಾರವಿತ್ತು. ಅದಕ್ಕೆ ಬೆನ್ನು ಹಾಕಿ ಕೂರಲು ಬೆಂಚು ಇರಲಿಲ್ಲ, ಹಾಗಾಗಿ ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಸರ್ಜನ್ ಎದುರಿಗಿದ್ದರು. ಕ್ಲಿಪ್ ಕೂತಿದೆ ಎಂದರು. ಉಬ್ಬಿನ ಗೋಡೆ ಒಂದು ಕಡೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು, ಇನ್ನು ಒಂದೆರಡು ದಿನ ತಡೆಯುತ್ತಿತ್ತು ಎಂದು ತಮಗೆ ಅನಿಸುವುದಿಲ್ಲ ಎಂದರು. ಅವರಿಗೆ ಸುಳ್ಳಿನ ವಿಷಯ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವರಿಗೆ ಇದಕ್ಕಿಂತ ಕಟುವಾಗಿ ಹೇಳಲು ಆಗುತ್ತಿರಲಿಲ್ಲ.

"ಮತ್ತೆ ಆಗುತ್ತಾ ಡಾಕ್ಟ್ರೇ?" ಎಂದು ಕೇಳಿದಳು.

"ಇದು ಆಗಲ್ಲ. ಆದರೆ ಒಂದು ಇದ್ದವರಿಗೆ ಬೇರೆ ಕಡೆ ಇನ್ನೊಂದು ಬರಬಹುದು. ಸಾಧ್ಯತೆ ಕಡಿಮೆ. ಆಗಾಗ ಸ್ಕ್ಯಾನ್ ಮಾಡಿ ನೋಡ್ತಿರಬೇಕು, ಅಷ್ಟೆ."

ಬೆಂಚಿನ ಆ ತುದಿಯಲ್ಲಿದ್ದ ಜೋಯಿಸರು ಇದನ್ನು ಕೇಳಿಸಿಕೊಂಡರು. ಅವಳು ಅವರ ಕಡೆ ನೋಡಲಿಲ್ಲ.

ರೆಪ್ಪೆ ನಿಧಾನವಾಗಿ ಎದ್ದಿತು, ಪೂರ್ತಿ ಅಲ್ಲ. ಅರೆಮುಚ್ಚಿದ ಆ ಕಣ್ಣಿನಿಂದ ಅವನು ಸದಾ ಯಾರಿಗೋ ಕಣ್ಣು ಹೊಡೆಯುತ್ತಿರುವಂತೆ ಕಾಣುತ್ತಿದ್ದ. "ಹೆಣ್ಣು ಗಿರಾಕಿಗಳು ಜಾಸ್ತಿಯಾಗಿದ್ದಾರೆ," ಎನ್ನುತ್ತಿದ್ದ. ಸುಳ್ಳಿನ ಬಗ್ಗೆ ಒಮ್ಮೆ ಮಾತ್ರ ಮಾತಾಡಿದ, ಅನ್ನ ಬಡಿಸಿಕೊಳ್ಳುತ್ತ: "ಮುಂದಿನ ಸಲ ಹೆದರಿಕೆ ಆದ್ರೆ ನನಗೆ ಹೇಳು. ಇಬ್ಬರೂ ಹೆದರೋಣ." ಅವಳು ತಲೆಯಾಡಿಸಿದಳು.

ಕೆಲಸ ಬಿಡಲಿಲ್ಲ. ಮನೆಗೆ ಸಂಬಳ ಬೇಕಿತ್ತು, ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಆಪರೇಷನ್ ಎಂದು ಫೋನ್ ಮಾಡುವ ಗಿರಾಕಿಗಳಿಗೆ ಮಾತ್ರ, ಜೋಯಿಸರನ್ನು ಕೇಳದೆಯೇ, ಡಾಕ್ಟರು ಕೊಟ್ಟ ದಿನವೇ ಒಳ್ಳೆಯದು ಎನ್ನುತ್ತಿದ್ದಳು. ಜೋಯಿಸರಿಗೆ ಅದು ಒಳಗೆ ಕೇಳಿಸುತ್ತಿತ್ತು. ಅವರು ಕೆಮ್ಮುತ್ತಿದ್ದರು, ಅಷ್ಟೆ.

ಕೆಲವು ತಿಂಗಳು ಕಳೆದು ಆಸ್ಪತ್ರೆಯಿಂದ ಫೋನ್ ಬಂತು, ಸ್ಕ್ಯಾನಿನ ದಿನ ಹೇಳಲು. ಅವಳು ಎದ್ದು ಮೆಟ್ಟಿಲಿನ ಅದೇ ತಿರುವಿಗೆ ಹೋದಳು. ಆ ಕಡೆಯ ಹೆಂಗಸು ಬುಧವಾರ ಎಂದಳು, ಹನ್ನೊಂದು ಗಂಟೆ ಎಂದಳು, ಆಗುತ್ತದೆಯೇ ಎಂದು ಕೇಳಿದಳು.

ಬುಧ, ಗುರು, ಶುಕ್ರ, ಶನಿ. ನಾಲ್ಕನೆಯ ಭಾಗ. ಕೇಳಿ ಮುಗಿಸುವಷ್ಟರಲ್ಲಿ ತಲೆ ಲೆಕ್ಕ ಮುಗಿಸಿಬಿಟ್ಟಿತ್ತು. ಸೂರ್ಯ ಆ ದಿನ ಎಲ್ಲಿರುತ್ತಾನೆ ಎಂಬುದೂ ಬಂತು, ಅದರಿಂದ ಧೂಮ ಬಂತು, ವ್ಯತೀಪಾತ ಬಂತು.

"ಹಲೋ? ಆಗುತ್ತಾ?"

"ಬರ್ತೀವಿ," ಎಂದಳು.

ಮೇಲಿನಿಂದ ಜೋಯಿಸರು ಬಗ್ಗಿ ಕೇಳಿದರು. "ಆಸ್ಪತ್ರೆಯವರಾ? ಯಾವತ್ತಂತೆ?"

"ಹೇಳಲ್ಲ."

"ಯಾಕಮ್ಮಾ?"

"ಒಬ್ಬರು ಹೆದರಿದ್ರೆ ಸಾಕು," ಎಂದಳು. ಆಮೇಲೆ ಗಂಡನ ಮಾತು ನೆನಪಾಗಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಹಚ್ಚಿದಳು. ಅದು ಬಹಳ ಹೊತ್ತು ಹೊಡೆದುಕೊಂಡಿತು.

"ಏನೇ? ಯಂತ್ರದ ಸದ್ದಲ್ಲಿ ಕೇಳಿಸಲಿಲ್ಲ," ಎಂದ ಅವನು.

"ಬುಧವಾರ ಹನ್ನೊಂದಕ್ಕೆ ಸ್ಕ್ಯಾನ್ ರೀ," ಎಂದಳು. "ನನಗೆ ಹೆದರಿಕೆ ಆಗ್ತಿದೆ."